ಡುಬ್ಬದ ಟಿ.ವಿ. ಹೋಯಿತು, ಮಾರಿಯೋ ಇದ್ದಾನೆ

ಅಟ್ಟದಲ್ಲಿ ಬಿದ್ದಿರುವ ಟಿ.ವಿ. ಗೇಮ್ ಕೆಟ್ಟಿದೆ ಎಂದು ತೀರ್ಪು ಕೊಡುವ ಮೊದಲು ಒಮ್ಮೆ ಟಿ.ವಿ.ಯ ಬೆನ್ನು ನೋಡುವುದು ಒಳ್ಳೆಯದು. ಏಪ್ರಿಲ್ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಮಧ್ಯಾಹ್ನ ಹೊರಗೆ ಕಾಲಿಡುವಂತಿರುವುದಿಲ್ಲ. ಶಾಲೆಗೆ ರಜೆ, ಮಕ್ಕಳು ಮನೆಯೊಳಗೇ. ಅಪ್ಪನಿಗೋ ಕಾಕಾನಿಗೋ ತಮ್ಮ ಕಾಲದ ಆಟ ನೆನಪಾಗಿ, ರಟ್ಟಿನ ಡಬ್ಬಿ ಕೆಳಗಿಳಿಯುತ್ತದೆ. ಧೂಳು ಒರೆಸಿ, ಗೋಡೆಗೆ ನೇತುಹಾಕಿದ ಎಲ್‌ಇಡಿ ಟಿ.ವಿ.ಗೆ ಹೇಗೋ ವೈರು ಸಿಕ್ಕಿಸಿ, ಸ್ವಿಚ್ ಒತ್ತಿದರೆ ಪರದೆಯ ಮೇಲೆ ‘ನೋ ಸಿಗ್ನಲ್’. ‘ಹೋಗ್ಯಾದ ಬಿಡು’ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಪೆಟ್ಟಿಗೆ ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಅದು ಯಾವ ಟಿ.ವಿ.ಗಾಗಿ ಹುಟ್ಟಿತ್ತೋ ಆ ಟಿ.ವಿ. ಮನೆಯಲ್ಲಿ ಇರುವುದಿಲ್ಲ, ಅಷ್ಟೇ.

ಟಿ.ವಿ.ಯ ವಿಷಯದಲ್ಲಿ ಈ ಸೀಮೆಯದು ಚಿಕ್ಕ ಚರಿತ್ರೆಯೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ಕರ್ನಾಟಕದಿಂದ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರ ಭಾಗ. ಯಾದಗಿರಿ, ಶಹಾಪುರ, ಸುರಪುರ ಮೂರೂ ಆಗ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ! ಆದರೆ ಅದು ಊರಿಗೊಂದು ಟಿ.ವಿ.ಯ ಕಾಲ. ಮನೆಮನೆಗೆ ಟಿ.ವಿ. ಬರಲು ‘ರಾಮಾಯಣ’, ‘ಮಹಾಭಾರತ’ ಧಾರಾವಾಹಿಗಳ ವರ್ಷಗಳೇ ಬೇಕಾದವು. ಅವುಗಳ ಬೆನ್ನಿಗೆ, ತೊಂಬತ್ತರ ದಶಕದಲ್ಲಿ, ಟಿ.ವಿ. ಗೇಮ್ ಬಂತು.

ಆ ಪೆಟ್ಟಿಗೆಯ ಮೂಲ ಜಪಾನ್. ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮಸಯುಕಿ ಉಯೆಮುರ ಎಂಬ ಎಂಜಿನಿಯರ್ ಅದರ ವಿನ್ಯಾಸದ ಮುಖ್ಯಸ್ಥ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಆಟವನ್ನು ಮನೆಯ ಟಿ.ವಿ.ಗೆ ತರುವುದು ಉದ್ದೇಶ. ‘ಡಾಂಕಿ ಕಾಂಗ್’ 1981ರಲ್ಲಿ ಅಂಥ ಆರ್ಕೇಡ್ ಯಂತ್ರದಲ್ಲೇ ಹುಟ್ಟಿದ ಆಟ. ಏಣಿ ಹತ್ತಿ ಪೀಪಾಯಿ ಹಾರುವ ಅದರ ನಾಯಕನೇ ಮುಂದೆ ಮಾರಿಯೋ ಆದ. ‘ಸೂಪರ್ ಮಾರಿಯೋ ಬ್ರದರ್ಸ್’ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32 ಹಂತಗಳ ಇಡೀ ಆಟ ಕೇವಲ 40 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರುವ ‘ಶುಭೋದಯ’ದ ಒಂದು ಚಿತ್ರ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಜಾಗ ಉಳಿಸಲು ಮಾಡಿದ ಒಂದು ಉಪಾಯ ಈಗಲೂ ಕಣ್ಣಿಗೆ ಕಾಣುತ್ತದೆ. ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಹಸಿರು.

ಭಾರತದಲ್ಲಿ ಈ ಯಂತ್ರ ‘ಸಮುರಾಯ್’ ಹೆಸರಿನಲ್ಲೂ ಮಾರಾಟವಾಯಿತು. ಹೆಚ್ಚಿನ ಮನೆಗಳಿಗೆ ಬಂದದ್ದು ಮಾತ್ರ ನಕಲು ಯಂತ್ರಗಳು: ‘ಮೀಡಿಯಾ’, ‘ಲಿಟಲ್ ಮಾಸ್ಟರ್’, ಆಮೇಲೆ ಹೆಸರೇ ಇಲ್ಲದ ಚೀನಾ ಪೆಟ್ಟಿಗೆಗಳು. ಸೆಗಾ ಕಂಪನಿ 1995ರ ಸುಮಾರಿಗೆ ಶಾ ವ್ಯಾಲೇಸ್ ಜೊತೆ ಸೇರಿ ಅಧಿಕೃತವಾಗಿ ಬಂದರೂ ಬೆಲೆಯಲ್ಲಿ ಈ ನಕಲುಗಳ ಎದುರು ನಿಲ್ಲುವುದು ಕಷ್ಟವಿತ್ತು. ಜಪಾನಿನ ಮೂಲ ಯಂತ್ರದಲ್ಲಿದ್ದ ಬೇರೆಬೇರೆ ಚಿಪ್‌ಗಳ ಕೆಲಸವನ್ನು ನಕಲು ತಯಾರಕರು ಒಂದೇ ಚಿಪ್‌ಗೆ ಇಳಿಸಿದ್ದರು. ಪೆಟ್ಟಿಗೆ ಬಿಚ್ಚಿದರೆ ಬೋರ್ಡಿನ ನಡುವೆ ಕರಿ ಅಂಟಿನ ಗುಪ್ಪೆಯೊಂದು ಕಾಣುತ್ತದಲ್ಲ, ಆ ಚಿಪ್ ಅದರಡಿ ಇರುತ್ತದೆ. ಆ ಗುಪ್ಪೆಯೊಳಗಿನದು ಸುಟ್ಟರೆ ರಿಪೇರಿ ಇಲ್ಲ. ಉಳಿದದ್ದೆಲ್ಲ, ಅಂದರೆ ಸಾಕೆಟ್, ವೈರು, ಸ್ವಿಚ್, ಬಟನ್ನು, ರೆಗ್ಯುಲೇಟರು, ಸೋಲ್ಡರಿಂಗ್ ಕಡ್ಡಿ ಹಿಡಿಯಬಲ್ಲ ಯಾವ ಮೆಕ್ಯಾನಿಕ್‌ಗೂ ದಕ್ಕುವಂಥದ್ದು.

ಈಗ ಟಿ.ವಿ.ಯ ಬೆನ್ನಿಗೆ ಬರೋಣ. ತೊಂದರೆಯ ಬಹುಪಾಲು ಇರುವುದು ಅಲ್ಲಿ.

ತೀರ ಹಳೆಯ ಪೆಟ್ಟಿಗೆಗಳಲ್ಲಿ ಆಂಟೆನಾ ವೈರಿಗೆ ಸೇರುವ ಒಂದೇ ದಪ್ಪ ಪಿನ್ ಇರುತ್ತದೆ. ಅದು ಚಾನೆಲ್‌ನಂತೆ ಚಿತ್ರ ಕಳಿಸುತ್ತದೆ, ಹಾಗಾಗಿ ಟಿ.ವಿ.ಯ ಮೆನುವಿನಲ್ಲಿ ಅನಲಾಗ್ ಚಾನೆಲ್ ಹುಡುಕಾಟ ನಡೆಸಬೇಕು. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಈ ಕೆಲಸವನ್ನೇ ಜನ ಮರೆತಿದ್ದಾರೆ. ಮ್ಯಾನುವಲ್ ಟ್ಯೂನಿಂಗ್‌ನಲ್ಲಿ ಒಂದೊಂದೇ ಹೆಜ್ಜೆ ಹೋದರೆ, ಪೆಟ್ಟಿಗೆ ಚಾಲೂ ಇದ್ದಾಗ, ಎಲ್ಲೋ ಒಂದು ಕಡೆ ಆಟ ಸಿಗುತ್ತದೆ. ಸಿಕ್ಕ ಕೂಡಲೇ ಸೇವ್ ಮಾಡಿಡಬೇಕು.

ಉಳಿದ ಪೆಟ್ಟಿಗೆಗಳಲ್ಲಿ ಇರುವುದು ಎವಿ ವೈರು. ಹಳದಿ ಪಿನ್ ಚಿತ್ರಕ್ಕೆ, ಬಿಳಿ ಅಥವಾ ಕೆಂಪು ಧ್ವನಿಗೆ. ಟಿ.ವಿ.ಯ ಹಿಂದೆ ಹಳದಿ ತೂತು ಕಾಣದಿದ್ದರೆ ಎದೆಗುಂದಬೇಕಿಲ್ಲ. ಕೆಲವು ಎಲ್‌ಇಡಿ ಟಿ.ವಿ.ಗಳಲ್ಲಿ ಹಳದಿಯ ಕೆಲಸವನ್ನು ಹಸಿರು ತೂತೇ ಮಾಡುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಇನ್ನು ಕೆಲವಕ್ಕೆ ಇಯರ್‌ಫೋನಿನಂಥ ಒಂದೇ ತೂತು. ಅದಕ್ಕೆ ಒಂದು ತುದಿಯಲ್ಲಿ 3.5 ಮಿ.ಮೀ. ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಸಾಕೆಟ್ ಇರುವ ಗೇಣುದ್ದದ ವೈರು ಬೇಕು. ಟಿ.ವಿ. ಕೊಂಡಾಗ ಡಬ್ಬಿಯಲ್ಲಿ ಬಂದಿದ್ದ ವೈರು ಇದೇ ಇರಬಹುದು. ಎಸೆಯದೆ ಇಟ್ಟವರು ಜಾಣರು. ಹೊರಗೆ ಕೊಂಡ ವೈರಿನಲ್ಲಿ ಚಿತ್ರ ಬಾರದೆ ಸ್ಪೀಕರಿನಿಂದ ಗೊರ್ ಎಂಬ ಸದ್ದು ಬಂದರೆ ಒಳಗಿನ ಜೋಡಣೆ ಅದಲುಬದಲಾಗಿದೆ ಎಂದರ್ಥ. ಹಳದಿ ಪಿನ್ನನ್ನು ಕೆಂಪು ಅಥವಾ ಬಿಳಿಯ ಸಾಕೆಟ್ಟಿಗೆ ಬದಲಿಸಿ ನೋಡಬೇಕು. ಹಾಗೂ ಆಗದಿದ್ದರೆ ಆ ವೈರನ್ನು ಅಂಗಡಿಗೆ ಮರಳಿಸುವುದೇ ಸರಿ.

ಎಚ್‌ಡಿಎಂಐ ಬಿಟ್ಟು ಬೇರೇನೂ ಇಲ್ಲದ ಟಿ.ವಿ.ಗೆ ಪರಿವರ್ತಕ ಬೇಕಾಗುತ್ತದೆ. ಕೆಲವು ನೂರು ರೂಪಾಯಿಯ ಸಣ್ಣ ಡಬ್ಬಿ. ಜನ ಮೋಸ ಹೋಗುವುದು ಇಲ್ಲಿಯೇ. ಅಂಗಡಿಯಲ್ಲಿ ನೋಡಲು ಒಂದೇ ಥರದ ಎರಡು ಡಬ್ಬಿಗಳಿರುತ್ತವೆ: ಒಂದು ಎವಿಯನ್ನು ಎಚ್‌ಡಿಎಂಐ ಮಾಡುತ್ತದೆ, ಇನ್ನೊಂದು ಎಚ್‌ಡಿಎಂಐಯನ್ನು ಎವಿ ಮಾಡುತ್ತದೆ. ಎರಡನೆಯದು ಹೊಸ ಸೆಟ್‌ಟಾಪ್ ಬಾಕ್ಸನ್ನು ಹಳೆ ಟಿ.ವಿ.ಗೆ ಜೋಡಿಸಲು, ನಮ್ಮ ಕೆಲಸಕ್ಕೆ ಬಾರದು. ‘ಎವಿ ಒಳಗೆ, ಎಚ್‌ಡಿಎಂಐ ಹೊರಗೆ’ ಎಂದೇ ಬಾಯಿಬಿಟ್ಟು ಕೇಳಿ, ಡಬ್ಬಿಯ ಮೇಲಿನ ಬಾಣದ ಗುರುತು ನೋಡಿ ಕೊಳ್ಳಬೇಕು. ಅದಕ್ಕೆ ಯುಎಸ್‌ಬಿ ಮೂಲಕ 5 ವೋಲ್ಟ್ ಕರೆಂಟ್ ಕೊಡಲೇಬೇಕು. ಟಿ.ವಿ.ಯ ಯುಎಸ್‌ಬಿ ತೂತಿಗಿಂತ ಮೊಬೈಲ್ ಚಾರ್ಜರ್ ಭರವಸೆಯದು.

ಚಿತ್ರ ಬಂದು ಬಣ್ಣ ಬಾರದಿದ್ದರೆ? ಪೆಟ್ಟಿಗೆ ಒಂದು ಬಣ್ಣಪದ್ಧತಿಯದು, ಟಿ.ವಿ. ಇನ್ನೊಂದಕ್ಕೆ ನಿಂತಿದೆ. ಮೆನುವಿನಲ್ಲಿ ‘ಕಲರ್ ಸಿಸ್ಟಮ್’ಗೆ ಹೋಗಿ ‘ಪಾಲ್’, ‘ಎನ್‌ಟಿಎಸ್‌ಸಿ’, ‘ಆಟೋ’ ಮೂರನ್ನೂ ಬದಲಿಸಿ ನೋಡಬೇಕು. ಮಾರಿಯೋ ಅಡ್ಡಡ್ಡ ಉಬ್ಬಿ ಕುಳ್ಳಗೆ ಕಂಡರೆ ಚಿತ್ರದ ಅಳತೆಯನ್ನು 4:3ಕ್ಕೆ ತರಬೇಕು. ಬಟನ್ ಒತ್ತಿದ ಮೇಲೆ ತಡವಾಗಿ ಹಾರಿ ಹಳ್ಳಕ್ಕೆ ಬೀಳುತ್ತಿದ್ದರೆ ತಪ್ಪು ಆಡುವವರದಲ್ಲ. ಹೊಸ ಟಿ.ವಿ. ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಸೆಕೆಂಡಿನ ಒಂದು ಚೂರು ಕಳೆದಿರುತ್ತದೆ. ‘ಗೇಮ್ ಮೋಡ್’ ಹಾಕಿದರೆ ಈ ತಡ ಬಹಳಷ್ಟು ಇಳಿಯುತ್ತದೆ.

ಬಂದೂಕಿನ ವಿಷಯ ಬೇರೆ. ಪೆಟ್ಟಿಗೆಯ ಜೊತೆ ಬರುತ್ತಿದ್ದ ಪ್ಲಾಸ್ಟಿಕ್ ಬಂದೂಕಿನಿಂದ ‘ಡಕ್ ಹಂಟ್’ ಬಾತುಕೋಳಿ ಹೊಡೆಯುವ ಆಟ ಎಲ್‌ಇಡಿ ಟಿ.ವಿ.ಯಲ್ಲಿ ನಡೆಯುವುದಿಲ್ಲ, ಯಾವ ಪರಿವರ್ತಕ ತಂದರೂ ನಡೆಯುವುದಿಲ್ಲ. ಆ ಬಂದೂಕು ಏನನ್ನೂ ಹೊರಗೆ ಬಿಡುವುದಿಲ್ಲ. ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ. ಕುದುರೆ ಎಳೆದ ಕ್ಷಣ ಇಡೀ ಪರದೆ ಒಮ್ಮೆ ಕಪ್ಪಾಗುತ್ತದೆ, ಮರುಕ್ಷಣ ಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯೊಳಗಿನ ಸಣ್ಣ ಸಂವೇದಕ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಕಿತು ಎಂದು ಲೆಕ್ಕ. ಬಲ್ಬಿಗೆ ಗುರಿಯಿಟ್ಟು ಎಲ್ಲ ಕೋಳಿಗಳನ್ನೂ ಕೆಡವಲು ಹೊರಟ ಹುಡುಗರಿಗೆ ಅದು ದಕ್ಕದೆ ಹೋದದ್ದು ಆ ಮೊದಲ ಕತ್ತಲೆಯಿಂದಾಗಿ. ಈ ಲೆಕ್ಕಾಚಾರವೆಲ್ಲ ಪಿಕ್ಚರ್ ಟ್ಯೂಬ್ ಗೆರೆಗೆರೆಯಾಗಿ ಚಿತ್ರ ಬರೆಯುವ ವೇಗಕ್ಕೆ ಕಟ್ಟಿದ್ದು. ಹೊಸ ಟಿ.ವಿ.ಯಲ್ಲಿ ಬಿಳಿ ಚೌಕ ಬರುವಷ್ಟರಲ್ಲಿ ಆಟ ಉತ್ತರಕ್ಕೆ ಕಾದು ಸಾಕಾಗಿ ಮುಂದೆ ಹೋಗಿರುತ್ತದೆ. ಬಂದೂಕಿನ ಆಟ ಬೇಕೇಬೇಕೆಂದರೆ ಹಿಂದೆ ಡುಬ್ಬ ಇರುವ ಹಳೆ ಟಿ.ವಿ.ಯೇ ಬೇಕು. ರಿಪೇರಿ ಅಂಗಡಿಗಳ ಮೂಲೆಯಲ್ಲಿ, ಗುಜರಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತವೆ. ಅದರ ಹಿಂಬದಿ ಮುಚ್ಚಳವನ್ನು ಮಾತ್ರ ತಿಳಿಯದವರು ಬಿಚ್ಚಬಾರದು. ಟ್ಯೂಬಿಗೆ ಹೋಗುವ ವಿದ್ಯುತ್ತು ಸಾವಿರಾರು ವೋಲ್ಟ್, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

ಕರೆಂಟಿನ ಮಾತು ಬಂದದ್ದರಿಂದ ಅಡಾಪ್ಟರಿನ ಬಗ್ಗೆ ಹೇಳಲೇಬೇಕು. ಪೆಟ್ಟಿಗೆಗಳನ್ನು ನಿಜವಾಗಿ ಕೊಲ್ಲುವುದು ಇದೇ. ಮೂಲ ಅಡಾಪ್ಟರ್ ಕಳೆದಿರುತ್ತದೆ. ಪಿನ್ ಹಿಡಿಸಿತೆಂದು ಸೆಟ್‌ಟಾಪ್ ಬಾಕ್ಸಿನದನ್ನು ಚುಚ್ಚುತ್ತಾರೆ. ಟಿ.ವಿ. ಗೇಮ್‌ಗೆ ಸಾಮಾನ್ಯವಾಗಿ ಬೇಕಾದದ್ದು 9 ವೋಲ್ಟ್, ಸೆಟ್‌ಟಾಪ್ ಬಾಕ್ಸಿನವು ಬಹಳಷ್ಟು 12 ವೋಲ್ಟ್. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಬಂದ ವಿದ್ಯುತ್ತನ್ನು 5 ವೋಲ್ಟ್‌ಗೆ ಇಳಿಸಿ, ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. 9 ಕೊಟ್ಟರೆ 4 ವೋಲ್ಟಿನ ಶಾಖ, 12 ಕೊಟ್ಟರೆ 7 ವೋಲ್ಟಿನದು. ಹೊರಗೆ 42 ಡಿಗ್ರಿ ಇರುವ ಊರಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ. ಎರಡನೆಯ ಅಪಾಯ ಧನ-ಋಣದ್ದು. ಕೆಲವು ಪೆಟ್ಟಿಗೆಗಳಲ್ಲಿ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಹೆಚ್ಚಿನ ಹೊಸ ಅಡಾಪ್ಟರ್‌ಗಳಲ್ಲಿ ಇದರ ತದ್ವಿರುದ್ಧ. ಪೆಟ್ಟಿಗೆಯ ಮೇಲೂ ಅಡಾಪ್ಟರಿನ ಮೇಲೂ ಒಂದು ಚುಕ್ಕಿ, ಅದನ್ನು ಸುತ್ತುವ ಅರ್ಧವೃತ್ತ, ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತು ಇರುತ್ತದೆ. ಎರಡೂ ತಾಳೆಯಾಗಬೇಕು. ಗುರುತು ಅಳಿಸಿದ್ದರೆ ಮೆಕ್ಯಾನಿಕ್ ಬಳಿ ಒಯ್ದು ಮೀಟರ್ ಹಿಡಿಸಬೇಕು.

ಭಾರವಾದ ಹಳೆ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿಗಿಂತ ಹಗುರವಾದ ಹೊಸ ಎಸ್‌ಎಂಪಿಎಸ್ ಅಡಾಪ್ಟರ್ ಮೇಲು. ಅದರ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಸಂಜೆ ಹೊತ್ತು ಲೈಟು ಮಂಕಾಗುವಷ್ಟು ವೋಲ್ಟೇಜ್ ಬಿದ್ದಾಗಲೂ ಆಟ ನಿಲ್ಲುವುದಿಲ್ಲ.

ಚಿತ್ರ ಬಂತು, ಆದರೆ ಪರದೆ ತುಂಬ ಚೂರುಚೂರು ಅಕ್ಷರ, ಇಲ್ಲವೇ ಒಂದೇ ಬಣ್ಣ. ಇದು ಪೆಟ್ಟಿಗೆಗೆ ಸಿಕ್ಕಿಸುವ ಆಟದ ಕ್ಯಾಸೆಟ್ಟಿನ ಕಾಯಿಲೆ. ತೊಂಬತ್ತರ ದಶಕದ ಪ್ರತಿ ಮಗುವಿಗೂ ಇದರ ಮದ್ದು ಗೊತ್ತಿತ್ತು: ತೆಗೆದು ಉಫ್ ಎಂದು ಊದಿ ಮತ್ತೆ ಹಾಕುವುದು. ಆಟ ಶುರುವಾಗುತ್ತಿದ್ದದ್ದು ಊದಿದ್ದರಿಂದಲ್ಲ, ತೆಗೆದು ಹಾಕಿದಾಗ ಪಿನ್‌ಗಳು ಹೊಸದಾಗಿ ತಾಗಿದ್ದರಿಂದ. ಊದಿದ ಉಸಿರಿನ ತೇವ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಸರಿಯಾದ ದಾರಿ ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಇಟ್ಟುಕೊಂಡಿರುತ್ತಾರೆ, ‘ಐಪಿಎ’ ಎಂದು ಕೇಳಿದರೆ ಸಾಕು. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಪಟ್ಟಿಗಳ ಮೇಲೆ ಎಳೆದರೆ ಕರಿ ಕೊಳೆ ಹತ್ತಿಗೆ ಬರುತ್ತದೆ. ಹತ್ತಿ ಬಿಳಿಯಾಗಿ ಉಳಿಯುವವರೆಗೆ ಎಳೆದು, ಒಣಗಿದ ಮೇಲೆ ಹಾಕಬೇಕು. ಕಿಲುಬು ಗಟ್ಟಿಯಾಗಿದ್ದರೆ ಮೊದಲು ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಬಹುದು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಥಿನ್ನರ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ಕೈಯಲ್ಲಿ ಹಿಡಿಯುವ ರಿಮೋಟಿನ ಬಟನ್ ಒತ್ತಿದಷ್ಟೂ ಕೇಳದಿದ್ದರೆ ಹಿಂದಿನ ಸ್ಕ್ರೂ ಬಿಚ್ಚಿ ಒಳಗಿನ ರಬ್ಬರ್ ಹಾಳೆ ನೋಡಬೇಕು. ಬಟನ್ನಿನ ಅಡಿಯ ಕರಿ ಚುಕ್ಕೆಗೂ ಬೋರ್ಡಿಗೂ ಅದೇ ಐಪಿಎ ಸಾಕಾಗುತ್ತದೆ. ವೈರು ಬುಡದಲ್ಲಿ ತುಂಡಾಗಿದ್ದರೆ ಎರಡಿಂಚು ಕತ್ತರಿಸಿ ಮತ್ತೆ ಬೆಸೆಯುವುದು ಹತ್ತು ನಿಮಿಷದ ಕೆಲಸ. ಹೊಸ ರಿಮೋಟ್ ತರುವಾಗ ಒಂದು ಎಚ್ಚರ: 9 ತೂತಿನ, 15 ತೂತಿನ ಬೇರೆಬೇರೆ ಜಾತಿಗಳಿವೆ. 9 ತೂತಿನದೇ ಆದರೂ ಸೆಗಾ ಯಂತ್ರದ ರಿಮೋಟಿನ ಒಳಜೋಡಣೆ ಬೇರೆ, ಹಿಡಿಸಿತೆಂದು ಚುಚ್ಚಬಾರದು.

ಅಟ್ಟದಲ್ಲಿ ಏನೂ ಇಲ್ಲದವರು ಹೊಸದಾಗಿ ಕೊಳ್ಳುವುದಾದರೆ ಈಗ ಮೂರು ಥರದವು ಸಿಗುತ್ತವೆ. ಕ್ಯಾಸೆಟ್ ಹಾಕುವ ಪೆಟ್ಟಿಗೆ ಇಂದಿಗೂ ಆನ್‌ಲೈನಿನಲ್ಲೂ ಆಟಿಕೆ ಅಂಗಡಿಗಳಲ್ಲೂ ಇದೆ. ಅಂಗೈ ಅಗಲದ ‘ಸಪ್’ ಎಂಬ 400 ಆಟದ ಡಬ್ಬಿ ಇದೆ. ಅದಕ್ಕೆ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿ ಹಿಡಿಸುತ್ತದೆ, ಎವಿ ವೈರಿನಿಂದ ಟಿ.ವಿ.ಗೂ ಜೋಡಿಸಬಹುದು. ಮೂರನೆಯದು ಎಚ್‌ಡಿಎಂಐಗೆ ನೇರ ಸಿಕ್ಕಿಸುವ ‘ಗೇಮ್ ಸ್ಟಿಕ್’, ಎರಡು ವೈರಿಲ್ಲದ ರಿಮೋಟ್‌ಗಳೊಂದಿಗೆ. ಬರೀ ಎಚ್‌ಡಿಎಂಐ ಇರುವ ಟಿ.ವಿ.ಯವರಿಗೆ ಇದೇ ಸುಲಭ. ಅದರ ಪ್ರಾಣ ಇರುವುದು ಮೆಮರಿ ಕಾರ್ಡಿನಲ್ಲಿ, ಜೊತೆಗೆ ಬರುವ ಕಾರ್ಡೋ ಬಲು ಅಗ್ಗದ್ದು. ತಂದ ದಿನವೇ ಕಂಪ್ಯೂಟರಿಗೆ ಹಾಕಿ ನಕಲು ಮಾಡಿಡದಿದ್ದರೆ ಒಂದು ದಿನ ಅಳಬೇಕಾಗುತ್ತದೆ. ಮಕ್ಕಳು ಜಗಳವಾಡದೆ ಇಬ್ಬರೂ ಆಡಬೇಕೆಂದರೆ ವೈರಿರುವ ಹಳೆ ಮಾದರಿಯ ಪೆಟ್ಟಿಗೆಯೇ ವಾಸಿ: ಚಾರ್ಜು ಇಳಿಯುವುದಿಲ್ಲ, ರಿಮೋಟ್ ಸೋಫಾದ ಕೆಳಗೆ ಕಳೆದುಹೋಗುವುದಿಲ್ಲ.

‘9999999 ಇನ್ 1’ ಎಂಬ ಕ್ಯಾಸೆಟ್ಟಿನ ಲೇಬಲ್ಲನ್ನು ನಂಬಬೇಕಿಲ್ಲ. ಪಟ್ಟಿಯ ಮೊದಲ ಪುಟಗಳು ದಾಟಿದ ಮೇಲೆ ಅವೇ ಆಟಗಳು ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ಶುರುವಾಗುತ್ತ ತಿರುತಿರುಗಿ ಬರುತ್ತವೆ. ಆದರೂ ಅದರೊಳಗೆ ಚಿನ್ನವಿದೆ. ನಾಮ್ಕೊ ಕಂಪನಿಯ ‘ಬ್ಯಾಟಲ್ ಸಿಟಿ’ (1985) ಇಬ್ಬರು ಕೂಡಿ ಆಡುವ ಟ್ಯಾಂಕ್ ಆಟ. 35 ಹಂತ, ಹಂತಕ್ಕೆ 20 ಶತ್ರು ಟ್ಯಾಂಕು, ಕೆಳಅಂಚಿನ ನಡುವೆ ಕಾಯಬೇಕಾದ ಹದ್ದಿನ ಗುರುತು. ಇಟ್ಟಿಗೆ ಜೋಡಿಸಿ ಸ್ವಂತ ರಣರಂಗ ಕಟ್ಟುವ ಅವಕಾಶವೂ ಅದರಲ್ಲಿದ್ದು, ಸಣ್ಣ ಮಕ್ಕಳಿಗೆ ಯುದ್ಧಕ್ಕಿಂತ ಅದೇ ಇಷ್ಟವಾಗುತ್ತದೆ. ‘ರೋಡ್ ಫೈಟರ್’ನಲ್ಲಿ ಪೆಟ್ರೋಲ್ ಮುಗಿಯುವುದರೊಳಗೆ ಗುರಿ ಮುಟ್ಟಬೇಕು. ‘ಸರ್ಕಸ್ ಚಾರ್ಲಿ’ಯಲ್ಲಿ ಸಿಂಹದ ಮೇಲೆ ಕೂತು ಬೆಂಕಿಯ ಬಳೆ ಹಾರಬೇಕು. ಹೊಸಬರನ್ನು ಮೊದಲೇ ‘ಕಾಂಟ್ರಾ’ಗೆ ಕೂರಿಸಬಾರದು, ಎರಡು ನಿಮಿಷದಲ್ಲಿ ಮೂರೂ ಜೀವ ಮುಗಿದು ಆಸಕ್ತಿಯೂ ಮುಗಿಯುತ್ತದೆ. ಕೂರಿಸಲೇಬೇಕೆಂದರೆ ಹೆಸರಿನ ಪರದೆ ನಿಂತಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿ ಸ್ಟಾರ್ಟ್ ಕೊಡುವುದು. ಮೂವತ್ತು ಜೀವ! ಇಬ್ಬರಿದ್ದರೆ ಸ್ಟಾರ್ಟಿಗೆ ಮೊದಲು ಒಮ್ಮೆ ಸೆಲೆಕ್ಟ್. ಕೊನಾಮಿ ಕಂಪನಿಯವರು ಈ ಗುಟ್ಟನ್ನು ಮೊದಲು ಇಟ್ಟದ್ದು 1986ರ ‘ಗ್ರೇಡಿಯಸ್’ ಆಟದಲ್ಲಿ. ನಕಲು ಕ್ಯಾಸೆಟ್ಟುಗಳಲ್ಲಿ ಕೆಲವು ಮೊದಲೇ ಮೂವತ್ತು ಜೀವ ಕೊಟ್ಟೇ ಶುರುವಾಗುತ್ತವೆ. ಅಲ್ಲಿ ಗುಟ್ಟು ಹಾಕುವ ಗೋಜಿಲ್ಲ.

ನಕಲು ಎಂಬ ಮಾತನ್ನು ಹಾಗೆಯೇ ದಾಟಲಾಗದು. ಈ ಬಹು-ಆಟದ ಕ್ಯಾಸೆಟ್ಟು, ಸ್ಟಿಕ್ಕುಗಳಲ್ಲಿ ಇರುವುದು ಹೆಚ್ಚಾಗಿ ಅನುಮತಿಯಿಲ್ಲದೆ ತುಂಬಿದ ಆಟಗಳು. ಹಕ್ಕು ಈಗಲೂ ಆಯಾ ಕಂಪನಿಗಳದು. ನೇರ ದಾರಿ ಬೇಕಾದವರಿಗೆ ಕೊನಾಮಿಯ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ (2019) ಕಂಪ್ಯೂಟರಿನಲ್ಲೇ ಸಿಗುತ್ತದೆ. ಹಳೆಯ ‘ಸೂಪರ್ ಮಾರಿಯೋ ಬ್ರದರ್ಸ್’ ಮಾತ್ರ ನಿಂಟೆಂಡೊದ ಸ್ವಂತ ಯಂತ್ರಗಳನ್ನು ಬಿಟ್ಟು ಆಚೆ ಬರುವುದಿಲ್ಲ, ಅವು ದುಬಾರಿ.

ಮನೆಯಲ್ಲಿ ಆಡುವುದು ಒಂದು, ಜಾತ್ರೆಯಲ್ಲಿ ಟೆಂಟ್ ಹಾಕಿ ಆಟಕ್ಕೆ ಹತ್ತು ರೂಪಾಯಿ ವಸೂಲು ಮಾಡುವುದು ಇನ್ನೊಂದು. ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಯಲ್ಲೋ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲೋ ಅಂಥ ಯೋಚನೆ ಇರುವವರು ಒಂದು ತೀರ್ಪನ್ನು ತಿಳಿದಿರಬೇಕು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಹಣ ಪಡೆದು ವಿಡಿಯೋ ಗೇಮ್ ಆಡಿಸುವ ಪಾರ್ಲರ್‌ಗಳನ್ನು ಲೈಸೆನ್ಸ್ ಮೂಲಕ ನಿಯಂತ್ರಿಸುವ ಅಧಿಕಾರವನ್ನು ಎತ್ತಿಹಿಡಿಯಿತು. ಆಟ ಜಾಣ್ಮೆಯದು, ಜೂಜಿನದಲ್ಲ ಎಂಬ ವಾದವೊಂದೇ ಸಾಲದು. ಟೆಂಟಿಗೆ ಮೊದಲು ಪೊಲೀಸ್ ಠಾಣೆಯಲ್ಲೂ ತಹಶೀಲ್ದಾರ್ ಕಚೇರಿಯಲ್ಲೂ ವಿಚಾರಿಸುವುದು ಕ್ಷೇಮ.

ಬಿಡಿಭಾಗಕ್ಕೆ ಯಾದಗಿರಿಯ ಸ್ಟೇಷನ್ ರಸ್ತೆ ಸುತ್ತಮುತ್ತ, ಸುರಪುರದ ರಂಗಂಪೇಟೆ ಕಡೆ, ಶಹಾಪುರದ ಬಸ್‌ ನಿಲ್ದಾಣದ ಆಸುಪಾಸು ಮೊದಲು ವಿಚಾರಿಸಬೇಕು. ಟಿ.ವಿ., ಮೊಬೈಲ್ ರಿಪೇರಿಯವರ ಬಳಿ ಎವಿ ವೈರು, ಅಡಾಪ್ಟರ್, 7805, ಬಿಎಲ್-5ಸಿ ಸಿಗುವ ಸಂಭವ ಹೆಚ್ಚು. ಅಲ್ಲಿ ಸಿಗದ್ದಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್; ಅದಕ್ಕೂ ಮೇಲೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನ ಎಸ್.ಪಿ. ರೋಡ್. ಹಳೆ ಕ್ಯಾಸೆಟ್ ಕೊಳ್ಳುವಾಗ 60 ಪಿನ್ನಿನದೋ 72 ಪಿನ್ನಿನದೋ ಎಂದು ಎಣಿಸಿಯೇ ದುಡ್ಡು ಕೊಡಬೇಕು. ನಮ್ಮಲ್ಲಿನ ನಕಲು ಪೆಟ್ಟಿಗೆಗಳಿಗೆ ಹಿಡಿಸುವುದು ಬಹುತೇಕ 60ರದು, ಅಗಲ ಕಮ್ಮಿ ಇರುವಂಥದ್ದು. ಪೆಟ್ಟಿಗೆಯನ್ನು ಜೊತೆಗೇ ಒಯ್ದು ಅಂಗಡಿಯಲ್ಲೇ ಹಚ್ಚಿ ನೋಡಿದರೆ ಇನ್ನೂ ಚೊಲೊ.